ಬೆಂದ ಹುಳು ತಿಂದು ಬೆಳೆದ ಬೆಕ್ಕು

ಶಿಡ್ಲಘಟ್ಟದ ಹತ್ತಿರ ಅಣ್ಣ ರೇಷ್ಮೆ ಹುಳು ಸಾಕುತ್ತಾನೆ. ಹುಳು ಮನೆಗೆ ಇಲಿಯ ಕಾಟ, ಅದಕ್ಕೆ ಬೆಕ್ಕು ಬೇಕೇ ಬೇಕು. ಇದ್ದ ಬೆಕ್ಕು ಲಾರಿಗೆ ಸಿಕ್ಕಿ ಸತ್ತಾಗ ಕಣ್ಣು ಬಿಡದ ಒಂದು ಮರಿ ಉಳಿಯಿತು. ಅತ್ತಿಗೆ ಬತ್ತಿಯಲ್ಲಿ ಹಾಲು ಕುಡಿಸಿ ಅದನ್ನು ಬದುಕಿಸಿದರು. ಹಲ್ಲು ಬಂದ ಮೇಲೆ, ಗೂಡು ಬೇಯಿಸಿ ನೂಲು ತೆಗೆಯುವ ಪಕ್ಕದ ಮನೆಯಿಂದ ಗೂಡಿನೊಳಗಿನ ಬೆಂದ ಹುಳುಗಳನ್ನು ತಂದು ಹಾಕಿದರು. ಮರಿ ದುಂಡಗಾಯಿತು.

ನಾನು ಪ್ರಾಣಿಶಾಸ್ತ್ರ ಓದಿದವನು. ಬೇಟೆಯ ತುಡಿತ ಹುಟ್ಟಿನಿಂದ ಬಂದರೂ ಯಾವುದನ್ನು ಕೊಲ್ಲಬೇಕು ಎಂಬುದನ್ನು ಮರಿ ಬಹುಪಾಲು ತಾಯಿಯಿಂದ ಕಲಿಯುತ್ತದೆ ಎಂದು ಆಗಲೇ ಎಚ್ಚರಿಸಿದ್ದೆ. ಹಾಗೆಂದು ನನ್ನ ನೆನಪು. ನೀನು ಏನೂ ಹೇಳಲಿಲ್ಲ, ಮರಿಯ ಫೋಟೊ ತೆಗೆದುಕೊಂಡು ಹೋದೆ ಎನ್ನುತ್ತಾನೆ ಅಣ್ಣ. ಫೋಟೊ ನನ್ನ ಫೋನಿನಲ್ಲಿದೆ. ಮಾತಿಗೆ ಸಾಕ್ಷಿಯಿಲ್ಲ.

ಬೆಳೆದ ಬೆಕ್ಕಿನ ಮುಂದೆಯೇ ಇಲಿ ಓಡಾಡಿದರೂ ಅದು ಕಣ್ಣೆತ್ತಿ ನೋಡಿ ಮತ್ತೆ ಮಲಗುತ್ತಿತ್ತು. ಆದರೆ ಹುಳುಗಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಏರಿದ ದಿನ ಒಳಗೆ ನುಗ್ಗಿ ಒಂದೊಂದನ್ನೇ ಕಿತ್ತು ತಿಂದಿತು.

"ಕಾವಲಿಗೆ ಅಂತ ಸಾಕಿದ್ದು ಕಣೋ ಇದನ್ನ. ಇದಕ್ಕಿಂತ ಇಲಿನೇ ವಾಸಿ, ಕದ್ದು ತಿನ್ನುತ್ತೆ" ಎಂದ ಅಣ್ಣ. ಎಲ್ಲಾದರೂ ಬಿಟ್ಟು ಬರುತ್ತೇನೆಂದು ಹೊರಟ.

"ಅದರದ್ದೇನು ತಪ್ಪು? ಊಟ ಅಂದ್ರೆ ಹುಳ ಅಂತ ತೋರಿಸ್ದೋಳು ನಾನು" ಎಂದು ಅತ್ತಿಗೆ ತಡೆದರು.

ಅತ್ತಿಗೆಯ ಬೆಕ್ಕನ್ನು ಉಳಿಸಲು, ಕಳವಾರ ಹಳ್ಳಿಯ ನೆಂಟರ ಮನೆಯಿಂದ ಇಲಿ ಹಿಡಿಯುವ ಹಳೆಯ ಬೆಕ್ಕೊಂದನ್ನು ತಂದು ಜೊತೆಗೆ ಬಿಟ್ಟೆ. ನೋಡಿ ಕಲಿಯಲಿ ಎಂದು. ಹಳೆಯದು ಇಲಿ ಹಿಡಿಯಿತು, ನಮ್ಮದು ದೂರ ಕೂತಿತು. ಅರೆಜೀವದ ಇಲಿಯನ್ನು ಅದರ ಮುಂದಿಟ್ಟೆವು. ಮುಂಗಾಲಿನಿಂದ ಮುಟ್ಟಿತು. ನೆಕ್ಕಿತು ಎಂದೂ ನೆನಪಿದೆ, ಅದು ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು. ಕೊಲ್ಲಲಿಲ್ಲ ಎಂಬುದಂತೂ ನಿಜ. ಹಳೆಯ ಬೆಕ್ಕನ್ನು ನೆಂಟರಿಗೆ ಮರಳಿಸಿದೆ.

ಮುಂದಿನ ಬೆಳೆ ಹಣ್ಣಾಗುವ ಮೊದಲು ಅಣ್ಣ ಅತ್ತಿಗೆಯ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಬಿಟ್ಟು ಬಂದ.

"ಅಲ್ಲಿ ಬೇಕಾದಷ್ಟು ಇಲಿ ಇದಾವೆ ಬಿಡೇ" ಎಂದ ಹೆಂಡತಿಗೆ.

"ಇದ್ರೆ ಏನು ಬಂತು?"

"ಯಾರಾದ್ರೂ ಮೀನಿನ ತಲೆ ಹಾಕ್ತಾರೆ."

ಅತ್ತಿಗೆ ನನ್ನ ಕಡೆ ತಿರುಗಿದರು. "ಮೀನು ಅಂದ್ರೆ ತಿನ್ನೋದು ಅಂತ ಅದಕ್ಕೆ ಗೊತ್ತಾಗುತ್ತೇನಪ್ಪ?"

"ಹಸಿವಾದ್ರೆ ಕಲಿಯುತ್ತೆ ಅತ್ತಿಗೆ" ಎಂದೆ. ಹಾಗೆ ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಅತ್ತಿಗೆ ಆಮೇಲೆ ಯಾವ ಬೆಕ್ಕನ್ನೂ ಸಾಕಲಿಲ್ಲ.