ಚಲುವಯ್ಯ ಬಾಗಿಲಿಗೆ ಬಂದರೆ

ಬೆಳಗಿನ ಐದೂವರೆ. ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಟೀ ಅಂಗಡಿಯ ಒಲೆ ಈಗಷ್ಟೇ ಹೊತ್ತಿದೆ. ನಂಜನಗೂಡಿನ ಮೊದಲ ಬಸ್ಸನ್ನು ಚಲುವಯ್ಯ ಹತ್ತುತ್ತಲೇ ಕಂಡಕ್ಟರ್ ದನಿ ತಗ್ಗಿಸುತ್ತಾನೆ. ಯಾರ ಮನೇದು, ಎಷ್ಟೊತ್ತಿಗೆ ಎಂದು ಕೇಳುತ್ತಾನೆ. ಇವತ್ತು ಅದಲ್ಲ ಕಣಪ್ಪ ಎಂದರೂ ನಂಬುವುದಿಲ್ಲ. ಕಿಟಕಿ ಪಕ್ಕದ ಹೆಂಗಸರಿಬ್ಬರು ಆಗಲೇ ಕೆನ್ನೆಗೆ ಕೈಕೊಟ್ಟು, ಯಾವ ಊರಂತೆ ಎಂದು ಪಿಸುಗುಡುತ್ತಿದ್ದಾರೆ.

ಸೋಸಲೆಯ ಚಲುವಯ್ಯನವರಿಗೆ ಐವತ್ತಮೂರು ವರ್ಷ. ಹೊಲಗದ್ದೆಗಳಲ್ಲಿ ಕೂಲಿ ಮಾಡುತ್ತಾರೆ. ಇಪ್ಪತ್ತೇಳು ವರ್ಷಗಳಿಂದ ಅವರಿಗೆ ಇನ್ನೊಂದು ಕೆಲಸವೂ ಇದೆ: ಯಾರ ಮನೆಯಲ್ಲಿ ಸಾವಾದರೂ ನೆಂಟರ ಊರುಗಳಿಗೆ ಹೋಗಿ, ಬಾಗಿಲಲ್ಲಿ ನಿಂತು ಸುದ್ದಿ ಮುಟ್ಟಿಸುವುದು. ಆದರೆ ಇವತ್ತು ಒಯ್ಯುತ್ತಿರುವುದು ಹುಟ್ಟಿನ ಸುದ್ದಿ. ಮಗಳು ರಂಜಿನಿ ಬೆಳಗಿನ ಜಾವ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಿದ್ದಾಳೆ. ಅಳಿಯನ ಊರು ನಂಜನಗೂಡಿನ ದಾರಿಯಲ್ಲಿರುವ ಹದಿನಾರು ಎಂಬ ಹಳ್ಳಿ. ಬೀಗರಿಗೆ ಈ ಸುದ್ದಿ ತಾನೇ ಹೇಳಬೇಕೆಂದು ಚಲುವಯ್ಯ ತಿಂಗಳುಗಟ್ಟಲೆ ಕಾದಿದ್ದಾರೆ. ಪಕ್ಕದ ಸೀಟಿನಲ್ಲಿ ನಾನಿದ್ದೇನೆ, ನನ್ನ ಹೊಟ್ಟೆಕಿಚ್ಚಿನ ಸಮೇತ.

ಕಿಚ್ಚು ಯಾಕೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ವಾರಪತ್ರಿಕೆ ಪ್ರತಿ ಡಿಸೆಂಬರಿನಲ್ಲಿ ‘ವರ್ಷದ ವ್ಯಕ್ತಿ’ಯನ್ನು ಆರಿಸುತ್ತದೆ. ಈ ವರ್ಷ ಸುದ್ದಿಯಿಂದ ನಿಮ್ಮನ್ನು ಹೆಚ್ಚು ಅಲುಗಾಡಿಸಿದವರು ಯಾರು, ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿ ಎಂದು ಓದುಗರನ್ನು ಕೇಳುತ್ತದೆ. ಗೆದ್ದವರ ಫೋಟೊ ಮುಖಪುಟಕ್ಕೆ. ಮಂತ್ರಿ, ಆಟಗಾರ, ಸಿನಿಮಾದವರು, ಇಂಥವರೇ ಗೆದ್ದುಕೊಂಡು ಬಂದಿದ್ದಾರೆ. ಹೋದ ವರ್ಷ, ಅಂದರೆ 2001ರಲ್ಲಿ, ನಮ್ಮ ತಾಲ್ಲೂಕಿನಿಂದ ನಲವತ್ತೊಂದು ಕಾರ್ಡು ಒಂದೇ ಹೆಸರಿಗೆ ಬಂದವು: ಚಲುವಯ್ಯ, ಸೋಸಲೆ. ಹದಿನೆಂಟು ವರ್ಷದಿಂದ ಇಲ್ಲಿ ವರದಿಗಾರನಾಗಿರುವ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಅದರ ಅಕ್ಷರ ನನ್ನ ಹೆಂಡತಿ ವಾಣಿಯದು.

ಯಾರಯ್ಯ ಈ ಚಲುವಯ್ಯ ಎಂದು ಸಂಪಾದಕರು ಫೋನಿನಲ್ಲಿ ಕೇಳಿದಾಗ, ಗೊತ್ತಿಲ್ಲ ಸಾರ್, ಯಾರೋ ಪುಢಾರಿ ಇರಬೇಕು, ದುಡ್ಡು ಕೊಟ್ಟು ಬರೆಸಿದ್ದಾನೆ ಎಂದುಬಿಟ್ಟೆ. ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮಾವನವರು ತೀರಿಕೊಂಡಾಗ ನಮ್ಮ ಬಾಗಿಲಿಗೆ ಬಂದು ನಿಂತವರು ಅವರೇ. ಈ ವರ್ಷ ಕಾರ್ಡು ಅರವತ್ತಮೂರಕ್ಕೆ ಏರಿದ ಮೇಲೆ ಸಂಪಾದಕರು, ಹೋಗಿ ನೋಡಿಕೊಂಡು ಬಾ, ಫೋಟೊ ತೆಗೆದುಕೊಂಡು ಬಾ ಎಂದು ಅಟ್ಟಿದರು. ಹೀಗೆ ನಾಲ್ಕು ದಿನದಿಂದ ಚಲುವಯ್ಯನವರ ಹಿಂದೆ ಅಲೆಯುತ್ತಿದ್ದೇನೆ.

ಅವರ ಅಪ್ಪ ಮರಿಯಯ್ಯನ ಕಾಲದಲ್ಲಿ ಇದು ಕೇರಿಯವರಿಗೆ ಅಂಟಿಸಿದ ಚಾಕರಿ. ಊರಿನವರು ಬೀದಿಯಲ್ಲಿ ನಿಂತು ಕೂಗಿದರೆ ಉಣ್ಣುವ ತಟ್ಟೆ ಬಿಟ್ಟು ಏಳಬೇಕಿತ್ತು. ಚಲುವಯ್ಯ ಮೀಸೆ ಬಂದ ಕಾಲಕ್ಕೇ ಅದನ್ನು ನಿಲ್ಲಿಸಿದರು. ಈಗ ಎಂಥ ದೊಡ್ಡ ಮನೆಯವರಾದರೂ ಇವರ ಮನೆಗೆ ಬಂದು, ಬುದ್ಧನ ಪಟದ ಕೆಳಗೆ ಕೂತು, ಸುದ್ದಿ ಮುಟ್ಟಿಸಿಕೊಡಿ ಎಂದು ಕೇಳಬೇಕು. “ಅಪ್ಪ ಮಾಡ್ತಿದ್ದದ್ದು ಚಾಕ್ರಿ ಸಾ. ನಾನ್ ಮಾಡೋದು ಕೆಲ್ಸ. ಬರಾಕಿಲ್ಲ ಅನ್ನಕ್ಕೂ ನಂಗೆ ಹಕ್ಕದೆ” ಎನ್ನುತ್ತಾರೆ. ಹಾಗೆಂದು ಬರುವುದಿಲ್ಲ ಎಂದದ್ದು ಇಲ್ಲ. ಅಪ್ಪ ಸತ್ತಾಗ ಸುದ್ದಿ ಹೊತ್ತವನು ದಾರಿಯಲ್ಲಿ ಹೆಂಡದಂಗಡಿಗೆ ನುಗ್ಗಿದ್ದರಿಂದ ಅಕ್ಕ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತಂತೆ. ಅಕ್ಕನಿಗೆ ಅಪ್ಪನ ಮುಖ ಸಿಗಲಿಲ್ಲ. ಆ ಸಂಕಟಕ್ಕೇ ಈ ಕೆಲಸ ಹಿಡಿದದ್ದು ಎಂದು ಅವರ ಹೆಂಡತಿ ಚಿಕ್ಕಮ್ಮ ನನಗೆ ಹೇಳಿದರು.

ವರ್ಷಕ್ಕೆ ಎಪ್ಪತ್ತು ಎಂಬತ್ತು ಸಾವು. ಒಂದೊಂದಕ್ಕೆ ನಾಲ್ಕರಿಂದ ಏಳು ಊರು. ಬಸ್ಸಿರುವ ಕಡೆ ಬಸ್ಸು, ಇಲ್ಲದ ಕಡೆ ಸೈಕಲ್ಲು. ಇಷ್ಟು ವರ್ಷದಲ್ಲಿ ಸುದ್ದಿ ತಡವಾಗಿ ಒಬ್ಬರಿಗೂ ಮಣ್ಣು ತಪ್ಪಿಲ್ಲ. ಸೇತುವೆ ಬಿರುಕು ಬಿಟ್ಟಿದೆ ಎಂದು ನಾನು ಬರೆದ ಸುದ್ದಿ ಎಂಟು ದಿನ ತಡವಾಗಿ ಅಚ್ಚಾಯಿತು, ಅದನ್ನೋದಿ ಒಬ್ಬರೂ ಜಗಲಿಯಿಂದ ಎದ್ದದ್ದನ್ನು ನಾನು ಕಾಣೆ. ಈ ಮನುಷ್ಯ ನಾಲ್ಕು ಮಾತಾಡಿದರೆ ಹಾಲು ಕರೆಯುತ್ತಿದ್ದವರು ಚೆಂಬು ಇಟ್ಟು ಹೊರಡುತ್ತಾರೆ. ಊರೂರಿಗೆ ಎಸ್‌ಟಿಡಿ ಬೂತು ಬಂದರೂ ಜನ ಇವರನ್ನೇ ಕಳಿಸುತ್ತಾರೆ. ಹೊಟ್ಟೆ ಉರಿಯದೆ ಏನು ಮಾಡೀತು?

ಅವರ ಕಸುಬಿಗೆ ಒಂದು ಕ್ರಮವಿದೆ. ಬೇರೆಯವರ ಹಾಗೆ ‘ಸ್ವಲ್ಪ ಸೀರಿಯಸ್ಸು’ ಎಂದು ಸುತ್ತಿ ಬಳಸಿ ಹೇಳುವುದಿಲ್ಲ. “ನನ್ ಮೊಕ ಕಂಡೇಟ್ಗೆ ಮನೇಲಿರೋರ್ನೆಲ್ಲ ಅವರೇ ಮನಸ್ನಲ್ಲಿ ಸಾಯಿಸ್ಬುಟ್ಟಿರ್ತಾರೆ ಸಾ. ಅದ್ಕೇ ಬದುಕಿರೋರ್ ಹೆಸ್ರು ಮೊದ್ಲು. ನಿಮ್ ಮಗ್ಳು ಚೆನ್ನಾಗವ್ಳೆ, ಮೊಮ್ಮಕ್ಳು ಚೆನ್ನಾಗವ್ರೆ ಅಂತ ಏಳ್ಬೇಕು. ಆಮ್ಯಾಲೆ ತೀರ್ಕಂಡೋರ್ ಹೆಸ್ರು.” ಇಷ್ಟು ವರ್ಷ ಪೆನ್ನು ಹಿಡಿದ ನನಗೆ ಇದು ಹೊಳೆದಿರಲಿಲ್ಲ.

ಆದರೆ ನನ್ನ ಹೊಟ್ಟೆಕಿಚ್ಚು ಅವರಲ್ಲೂ ಇದೆ ಎಂದು ತಿಳಿದು ಸಮಾಧಾನವಾಯಿತು. “ಕೂಸು ಹುಟ್ತು ಅಂತ ಏಳಕ್ಕೋದೋರ್ ಬಾಯ್ಗೆ ಸಕ್ರೆ ಆಕ್ತಾರೆ. ನಂಗೆ ಒಬ್ರೂ ಆಕಿಲ್ಲ. ಅವ್ರನ್ನ ಕಂಡ್ರೆ ಒಟ್ಟೆ ಉರೀತದೆ ಕಣ್ರೀ.” ಪಕ್ಕದ ಮನೆಯ ನಿಂಗರಾಜುವನ್ನು ಕಳಿಸೋಣ, ನಿನ್ನನ್ನು ಕಂಡರೆ ಬೀಗಿತ್ತಿ ಎದೆ ಒಡೆದುಕೊಳ್ಳುತ್ತಾಳೆ ಎಂದು ಚಿಕ್ಕಮ್ಮ ಇವತ್ತು ಆಸ್ಪತ್ರೆಯ ಬಾಗಿಲಲ್ಲೂ ತಡೆದರು. ಇವರು ಕೇಳಲಿಲ್ಲ. ಇದೊಂದು ಸುದ್ದಿಯನ್ನು ಬೇರೆಯವರ ಬಾಯಿಗೆ ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ.

ಹದಿನಾರಿನಲ್ಲಿ ಇಳಿದು ಬೀದಿಗೆ ತಿರುಗುತ್ತೇವೆ. ಬೀಗಿತ್ತಿ ಕೆಂಪಾಜಮ್ಮ ಮನೆ ಮುಂದೆ ಗುಡಿಸುತ್ತಿದ್ದಾರೆ. ತಲೆ ಎತ್ತಿ ಚಲುವಯ್ಯನನ್ನು ಕಾಣುತ್ತಲೇ ಪೊರಕೆ ಕೈಬಿಟ್ಟು ಬೀಳುತ್ತದೆ. ಅವರ ಮುಖ ನೋಡಿ ಇವರಿಗೂ ಗಾಬರಿ. ಗಾಬರಿಯಲ್ಲಿ ಬಾಯಿಗೆ ಬರುವುದು ರೂಢಿಯ ಮಾತೇ.

“ನಿಮ್ ಸೊಸೆ ಚೆನ್ನಾಗವ್ಳೆ ಬೀಗ್ರೇ...”

“ಅಂಗಾರೆ ಕೂಸು ಓಯ್ತಾ” ಎಂದು ಕೆಂಪಾಜಮ್ಮ ಅಲ್ಲೇ ಕುಸಿಯುತ್ತಾರೆ.

ಅಕ್ಕಪಕ್ಕದವರು ಓಡಿ ಬರುತ್ತಾರೆ. ಅಳಿಯ ಗುರು ತಾಂಡ್ಯದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯಲ್ಲಿದ್ದಾನೆ. ಅವನನ್ನು ಕರೆತರಲು ಒಬ್ಬ ಆಗಲೇ ಸೈಕಲ್ ಎಳೆಯುತ್ತಿದ್ದಾನೆ. ಚಲುವಯ್ಯ ಅಲ್ಲ ಅಲ್ಲ ಎಂದು ಕೈಯಾಡಿಸುತ್ತಾರೆ, ಅಳುವಿನಲ್ಲಿ ಅದು ಯಾರಿಗೂ ಕೇಳಿಸದು. ಕೊನೆಗೆ ನಾನು ಮುಂದೆ ಬಂದು, ತಾಯಿ ಮಗು ಇಬ್ಬರೂ ಕ್ಷೇಮ, ಹೆಣ್ಣು ಮಗು, ನಾನು ಪತ್ರಿಕೆಯವನು ಎಂದು ಗಟ್ಟಿಯಾಗಿ ಹೇಳುತ್ತೇನೆ. ಮುದುಕರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. “ಪೇಪರ್‌ನೋರ್ ಮಾತು ಬುಡಿ. ಚಲುವಯ್ಯ, ನೀನೇಳಪ್ಪ.”

ಹದಿನೆಂಟು ವರ್ಷದಲ್ಲಿ ನಾನು ಬಾಯಾರೆ ಹೇಳಿದ ಒಂದೇ ಒಂದು ಸಿಹಿ ಸುದ್ದಿಯ ಗತಿ ಇದು.

ನಮ್ಮ ಕಡೆ ಸಾವು ಹೇಳಲು ಬಂದವರು ಹೊಸ್ತಿಲು ದಾಟುವುದಿಲ್ಲ, ಆ ಮನೆಯ ನೀರು ಮುಟ್ಟುವುದಿಲ್ಲ. ಚಲುವಯ್ಯ ಈಗ ಚಪ್ಪಲಿ ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಹೊಸ್ತಿಲು ದಾಟಿ, ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

“ಬೀಗ್ರೇ, ಕುಡಿಯಕ್ಕೆ ಒಂದ್ ಚೆಂಬು ನೀರ್ ಕೊಡಿ.”

ಬೀದಿಯ ಅಳು ನಿಲ್ಲುತ್ತದೆ. ಸೈಕಲ್ಲಿನವನು ಕಾಲು ಕೆಳಗಿಡುತ್ತಾನೆ. ಕೆಂಪಾಜಮ್ಮ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾರೆ. ನೀರು ಮರೆತು ಸಕ್ಕರೆ ಡಬ್ಬಿಯನ್ನೇ ತಂದು, ನಮ್ಮ ಜೀವ ತಗದ್ಬುಟ್ರಲ್ಲ ಎಂದು ಬೈಯುತ್ತಾ ಚಲುವಯ್ಯನ ಬಾಯಿಗೆ ಹಿಡಿ ತುಂಬ ಸುರಿಯುತ್ತಾರೆ. ಅವರ ಮೀಸೆಯೆಲ್ಲ ಸಕ್ಕರೆ, ಕಣ್ಣಲ್ಲಿ ನೀರು. ನನಗೂ ಒಂದು ಚಿಟಿಕೆ ಸಿಗುತ್ತದೆ.

ವಾಪಸಾಗುವಾಗ ಬಸ್ಸಿನಲ್ಲಿ ಕ್ಯಾಮೆರಾ ತೆಗೆಯುತ್ತೇನೆ. ಅವರು ಅಂಗೈ ಅಡ್ಡ ಹಿಡಿಯುತ್ತಾರೆ. ಬೇಡ ಸಾ, ಬೆಳಿಗ್ಗೆದ್ದು ಪುಸ್ತಕದ ಮೇಲೆ ನನ್ನ ಮುಖ ಕಂಡವರು ಯಾರು ಹೋದರೋ ಎಂದು ಹೆದರಿಕೊಳ್ಳುತ್ತಾರೆ ಎನ್ನುತ್ತಾರೆ. ಫೋಟೊ ಇಲ್ಲದೆ ಮುಖಪುಟವಿಲ್ಲ, ಮುಖಪುಟವಿಲ್ಲದೆ ‘ವರ್ಷದ ವ್ಯಕ್ತಿ’ಯಿಲ್ಲ ಎಂದು ಬಿಡಿಸಿ ಹೇಳಿದರೂ ಅಂಗೈ ಇಳಿಯುವುದಿಲ್ಲ. ಆ ಗಳಿಗೆ ನನಗೆ ಒಳಗೊಳಗೇ ಖುಷಿಯಾಯಿತು, ಅದನ್ನೂ ಬರೆದುಬಿಡುತ್ತೇನೆ. ಮುಖಪುಟ ಈ ಸಲವೂ ಬೇರೆ ಯಾರಿಗೋ ಹೋಗುತ್ತದೆ. ಹಾಗಾದರೆ ನಿಮಗೆ ಬೇಕಾದದ್ದಾದರೂ ಏನು ಎಂದು ಕೇಳುತ್ತೇನೆ.

ಅವರು ಮೀಸೆಯಲ್ಲಿ ಉಳಿದ ಸಕ್ಕರೆಯನ್ನು ಒರೆಸಿಕೊಳ್ಳುತ್ತಾರೆ.

“ಆ ಕೂಸು ನನ್ ಮೊಕ ಕಂಡ್ರೆ ನಗ್ಬೇಕು ಸಾ. ಒಬ್ರಾರ ನಗ್ಲಿ.”