ಲೋಕನಾಥನ ಬಲಗೈಗೆ ಬಿದ್ದ ಅಂಕ

ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಓಡುವ ಖಾಸಗಿ ಬಸ್ಸೊಂದರಲ್ಲಿ ಲೋಕನಾಥ ಹತ್ತೊಂಬತ್ತು ವರ್ಷ ಡ್ರೈವರಾಗಿದ್ದ. ತಾನು ಬ್ರೇಕು ಹಾಕಿದರೆ ತೂಕಡಿಸುವವರಿಗೆ ಎಚ್ಚರವಾಗಬಾರದು ಎಂಬುದು ಅವನ ಹಟ. ೧೯೯೯ರಲ್ಲಿ ಅವನ ಬಲಗೈ ನಡುಗತೊಡಗಿತು. ಪಾರ್ಕಿನ್ಸನ್ ಕಾಯಿಲೆ ಎಂದರು ಊರಿನ ಡಾಕ್ಟರು. ಅವನ ಮನೆಯ ಮೂರು ತಲೆಮಾರಿಗೆ ಮದ್ದು ಕೊಟ್ಟವರು. ಅವರ ಮಾತೆಂದರೆ ಅವನಿಗೆ ವೇದವಾಕ್ಯ. ಹೋದಾಗಲೆಲ್ಲ ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿ ನೋಡುತ್ತಿದ್ದರು. ಕಾಯಿಲೆಯ ಜೋರು ಅಳೆಯಲು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಉಂಟು, ನಿನ್ನದು ಬರೀ ಒಂದು, ಧೈರ್ಯವಾಗಿ ಬಸ್ಸು ಓಡಿಸು ಎನ್ನುತ್ತಿದ್ದರು.

ಕಂಡಕ್ಟರ್ ಮಾಯಿಲಪ್ಪ ಮಾತ್ರ ಒಂದು ದಿನ ಚಹಾ ಕುಡಿಯುವಾಗ, "ಇನ್ನು ಸ್ಟೇರಿಂಗ್ ಹಿಡಿಯಬೇಡ ಮಾರಾಯ" ಎಂದ. ನನ್ನ ಸೀಟಿನಲ್ಲಿ ಕೆಲಸವಿಲ್ಲದ ನಿನ್ನ ಭಾವನನ್ನು ಕೂರಿಸಬೇಕಾ ಎಂದು ಲೋಕನಾಥ ಎಲ್ಲರೆದುರು ಅವನ ಮಾನ ತೆಗೆದ. ಹಳೆಯ ಗೆಳೆಯರ ನಡುವೆ ಆಮೇಲೆ ಉಳಿದದ್ದು ಬಸ್ಸು ನಿಲ್ಲಿಸಲು, ಹೊರಡಿಸಲು ಊದುವ ಸೀಟಿಯ ಸದ್ದೊಂದೇ. ವೇಣೂರಿನ ಬಳಿ ಬಸ್ಸು ಮೋರಿಯ ಕಟ್ಟೆಗೆ ಉಜ್ಜಿದಾಗಲೂ ಲೋಕನಾಥ ಬ್ರೇಕನ್ನೇ ಬೈದ.

ಎರಡು ವರ್ಷದ ನಂತರ ಡಾಕ್ಟರು ಅವನನ್ನು ಮೂಡುಬಿದಿರೆಯ ಒಂದು ಸಭೆಗೆ ಕರೆದರು. ದೊಡ್ಡ ಡಾಕ್ಟರುಗಳು ಹೊಸ ಮದ್ದು ಕೊಡುತ್ತಾರೆಂದು ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ನಾಲ್ವರು ಬೇರೆ ಬೇರೆಯಾಗಿ ಬೆರಳು ತಟ್ಟಿಸಿದರು, ನಡೆಸಿದರು, ಚೀಟಿಯಲ್ಲಿ ಬರೆದರು. ನಾಲ್ಕನೆಯವರು ಅವನ ಡಾಕ್ಟರೇ. ಒಬ್ಬನೇ ರೋಗಿಗೆ ಎಲ್ಲರೂ ಒಂದೇ ಅಂಕ ಕೊಡುತ್ತಾರೋ ಎಂದು ತಿಳಿಯಲು ಈ ಏರ್ಪಾಡು ಎಂದು ಕೊನೆಗೆ ಒಬ್ಬ ಯುವ ವೈದ್ಯೆ ವಿವರಿಸಿದಳು. ಮದ್ದಿನ ಸುದ್ದಿಯೇ ಇರಲಿಲ್ಲ. ಅವಳು ಚೀಟಿಗಳನ್ನು ಖುಷಿಯಿಂದ ಓದಿದಳು: ಬಲಗೈ ಮೂರು, ಮೂರು, ಮೂರು, ಮೂರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಲೋಕನಾಥ ತನ್ನ ಡಾಕ್ಟರನ್ನು ಹೊರಗೆ ತಡೆದು ನಿಲ್ಲಿಸಿದ. "ನನಗೆ ಒಂದು ಅಂತ ಹೇಳಿದ್ದಲ್ವಾ ನೀವು?"

"ಮೂರಾಗಿ ಒಂದೂವರೆ ವರ್ಷ ಆಯಿತು. ಕೆಲಸ ಹೋದರೆ ನೀನು ಕುಸಿದು ಹೋಗ್ತಿ ಅಂತ ಹೇಳಲಿಲ್ಲ."

ಒಂದೂವರೆ ವರ್ಷ ದಿನವೂ ಬಸ್ಸು ತುಂಬ ಶಾಲೆಯ ಮಕ್ಕಳಿದ್ದರು. ತಾನು ನಂಬಿದವರು ಸುಳ್ಳು ಹೇಳಿದ್ದರು. ನಿಜ ಹೇಳಿದವನನ್ನು ಲೋಕನಾಥ ತಾನೇ ದೂರ ಮಾಡಿದ್ದ.

ಮರುದಿನ ಮೊದಲ ಟ್ರಿಪ್ಪಿಗೆ ಮುಂಚೆ ಅವನು ಬಸ್ಸಿನ ಕೀ ತಂದು ಮಾಯಿಲಪ್ಪನ ಮುಂದೆ ಹಿಡಿದ. ಬೇರೆ ಡ್ರೈವರನ್ನು ಕರೆಸು, ಡಾಕ್ಟರು ಹೇಳಿದ್ದು ಸುಳ್ಳು, ನೀನು ಹೇಳಿದ್ದೇ ಸರಿ ಎಂದ.

ಮಾಯಿಲಪ್ಪ ಕೀ ತೆಗೆದುಕೊಂಡ. ಅವನ ಮುಖ ಸಡಿಲವಾಗಲಿಲ್ಲ.

"ಡಾಕ್ಟರು ನಿನ್ನ ಬಸ್ಸು ಹತ್ತಲಿಲ್ಲ ಲೋಕನಾಥ. ನಾನು ದಿನಾ ಹತ್ತಿದ್ದೇನೆ."