ಮೊರದ ದೂರಕ್ಕೊಂದು ಕನ್ನಡಕ

ಚಿಕ್ಕೋಡಿಯ ನಮ್ಮ ಸೇವಾ ಸಂಸ್ಥೆಯಲ್ಲಿ ನಾನೇ ಹಿರಿಯ ಕಾರ್ಯಕರ್ತೆ. ನಿಪ್ಪಾಣಿ ಸುತ್ತಿನ ಬೀಡಿ ಕಟ್ಟುವ ಹೆಂಗಸರಿಗೆ ಉಚಿತವಾಗಿ ಕನ್ನಡಕ ಕೊಡುವ ಕೆಲಸವನ್ನು ಮೊದಲಿನಿಂದಲೂ ನೋಡಿಕೊಂಡವಳು ನಾನು. ಕನ್ನಡಕ ಕೈಗಿಟ್ಟ ದಿನವೇ ಒಂದು ಅಭಿಪ್ರಾಯದ ಹಾಳೆ ತುಂಬಿಸುತ್ತಿದ್ದೆ. 'ಚಲೋ ಕಾಣ್ತೈತೇನ್ರಿ?' ಎಂದು ಕೇಳಿದರೆ 'ಚಲೋ ಕಾಣ್ತೈತ್ರಿ' ಎನ್ನುತ್ತಿದ್ದರು. ಬೇರೆ ಉತ್ತರ ಬಂದ ನೆನಪೇ ಇಲ್ಲ. ಆ ಹಾಳೆಗಳ ಕಟ್ಟನ್ನು ನಮ್ಮ ಮುಖ್ಯಸ್ಥರ ಮೇಜಿನ ಮೇಲೆ ಇಡುವಾಗ ಒಳಗೊಳಗೇ ಹಿಗ್ಗುತ್ತಿದ್ದೆ.

ಆಮೇಲೆ ಕೊಗನೊಳ್ಳಿಯ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು. ಅವಳ ತಾಯಿಯೂ ಬೀಡಿ ಕಟ್ಟಿ ಮಗಳನ್ನು ಓದಿಸಿದವಳು. ನಾನು ರಾಯಬಾಗದ ಕಡೆಯ ಕಬ್ಬಿನ ಹೊಲದ ಮನೆಯಿಂದ ಬಂದವಳು. ಬೀಡಿ ಕಟ್ಟುವುದನ್ನು ಕಂಡಿದ್ದೆ, ಕೂತು ನೋಡಿರಲಿಲ್ಲ. ಅವಳು ಹಾಳೆ ತುಂಬಿಸಿ ಸುಮ್ಮನಾಗಲಿಲ್ಲ. ತಿಂಗಳು ಬಿಟ್ಟು ಅದೇ ಮನೆಗಳಿಗೆ ಮತ್ತೆ ಹೋದಳು.

ಒಮ್ಮೆ ನಾನೂ ಜೊತೆಗೆ ಹೋದೆ. ಅವಳು ಹೊಸ್ತಿಲ ಬಳಿ ನೆಲದ ಮೇಲೆಯೇ ಕೂತು, ತಾನೂ ಎಲೆ ಸುತ್ತುತ್ತ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮನೆಯಾಕೆಯನ್ನು ಚಿಕ್ಕಮ್ಮ ಎಂದು ಕರೆದು ಮಾತಿಗೆಳೆದಳು.

"ಮಾವಶಿ, ಚಷ್ಮಾ ಎಲ್ಲಿ ಇಟ್ಟೀರಿ?"

"ಗ್ವಾಡಿ ಗೂಡಿನ್ಯಾಗ ಐತಿ ನೋಡ ಬಾಳಾ. ಹಾಕ್ಕೊಂಡ್ರ ಪುಸ್ತಕ ಹಿಡಿದಷ್ಟು ದೂರದಾಗ ಅಷ್ಟ ಚಲೋ ಕಾಣ್ತೈತಿ. ನನ್ನ ಮೊರ ತೊಡಿ ಮ್ಯಾಲ ಇರ್ತೈತಿ. ಬಗ್ಗಿ ಬಗ್ಗಿ ಕುತಿಗಿ ಹಿಡೀತು, ತಗದಿಟ್ಟೆ."

ಎಲೆ, ತಂಬಾಕು ಹರಡಿದ ಮೊರ ಆ ಮನೆಯಾಕೆಯ ತೊಡೆಯ ಮೇಲೆಯೇ ಇತ್ತು. ನಾನು ಎಷ್ಟು ಸಲ ಆ ಹೊಸ್ತಿಲಲ್ಲಿ ನಿಂತು ಹೋಗಿದ್ದೆ. ತಪಾಸಣೆಯಲ್ಲಿ ಎಲ್ಲರ ಕೈಗೂ ಅಕ್ಷರದ ಚೀಟಿ ಕೊಟ್ಟು ಮುಖದ ಹತ್ತಿರ ಹಿಡಿಸಿದ್ದೆವು. ಮೊರ ಎಷ್ಟು ದೂರದಲ್ಲಿರುತ್ತದೆಂದು ಯಾರೂ ಅಳೆದಿರಲಿಲ್ಲ.

ಹುಡುಗಿ ಮನೆಮನೆಯ ಮಾತನ್ನೂ ಬರೆದು ತಂದಳು. ಮುಖ್ಯಸ್ಥರು ಮೇಲಿನೆರಡು ಪುಟ ಓದಿ, "ಇಷ್ಟು ದಿನ ನಮಗ ಇದು ಯಾಕ ಗೊತ್ತಾಗಲಿಲ್ಲ?" ಎಂದರು. ಅದು ಅವಳಿಗೆ ಹೊಗಳಿಕೆ. ನನ್ನ ಕಿವಿಗೆ ಬೇರೆಯೇ ಆಗಿ ಬಿತ್ತು. ಅಂದಿನಿಂದ ಅವಳು ನಕ್ಕರೂ ನನಗೆ ಸಹಿಸಲಾಗುತ್ತಿರಲಿಲ್ಲ. ಊಟದ ಡಬ್ಬಿಯಿಂದ ಅವಳು ಶೇಂಗಾ ಚಟ್ನಿ ಕೊಡಲು ಬಂದಾಗ ಹಸಿವಿಲ್ಲವೆಂದೆ. ಹಸಿವಿತ್ತು.

ಎಲ್ಲ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಮುಂದಿನ ಖರೀದಿ ಅದನ್ನು ನೋಡಿಯೇ ನಡೆಯುತ್ತದೆ. ಅವಳು ತಂದದ್ದನ್ನು ನಾನು ಅಳಿಸಲಿಲ್ಲ. ಅಷ್ಟು ಧೈರ್ಯ ಇರಲಿಲ್ಲ. ಯಾರೂ ತೆರೆದು ನೋಡದ 'ಇತರೆ' ಎಂಬ ಕಾಲಮಿನಲ್ಲಿ ಹಾಕಿದೆ. ಮೇಲಿನ ಸಾಲಿನಲ್ಲಿ ನನ್ನ 'ಚಲೋ ಐತಿ'ಗಳೇ ಉಳಿದವು. ತಾವು ಓದಿದ ಎರಡು ಪುಟದ ದೂರು ಒಂದೆರಡು ಮನೆಯದಷ್ಟೇ ಎಂದುಕೊಂಡು, ಅದನ್ನೇ ನಂಬಿ ಮುಖ್ಯಸ್ಥರು ಖರೀದಿಗೆ ಒಪ್ಪಿಗೆ ಕೊಟ್ಟರು.

ಹೊಸ ಕನ್ನಡಕಗಳ ಪೆಟ್ಟಿಗೆ ಹೊತ್ತು ನಾನೇ ನಿಪ್ಪಾಣಿಗೆ ಹೋದೆ. ಅದೇ ಮಾವಶಿ ಒಂದನ್ನು ಹಾಕಿಕೊಂಡು, ಮೊರ ನೋಡಿ, ತೆಗೆದು ನನ್ನ ಕೈಗಿಟ್ಟಳು.

"ಮೊದಲಿಂದ ಹಂಗ ಐತಲ್ರಿ ಬಾಯಾರ. ಆ ಹುಡುಗಿ ಬರಕೊಂಡು ಹೋಗಿದ್ಲು. ಆಕಿ ಮ್ಯಾಲ ಹೇಳಲಿಲ್ಲೇನು?"

ತಪ್ಪು ಆ ಹುಡುಗಿಯ ತಲೆಗೆ ಬರುತ್ತಿತ್ತು. ಬರಲಿ ಎಂದು ಒಂದು ಗಳಿಗೆ ನನಗೆ ಅನ್ನಿಸಿತು. ಆಮೇಲೆ ಬಾಯಿ ತೆರೆದೆ.

"ಆಕಿ ಹೇಳ್ಯಾಳ್ರಿ. ನಾನ ಮುಟ್ಟಿಸಲಿಲ್ಲ."

ಮಾವಶಿ ಮೊರವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. ಮತ್ತೆ ಎಲೆ ಸುತ್ತತೊಡಗಿದಳು.

ಚಿಕ್ಕೋಡಿಗೆ ಬಂದು ಮುಖ್ಯಸ್ಥರಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಹಾಳೆ ಏರಿಸುವ ಕೆಲಸವನ್ನು ಆ ಹುಡುಗಿಗೆ ಒಪ್ಪಿಸಿದರು. ಪೆಟ್ಟಿಗೆಗಳು ವಾಪಸ್ಸು ಹೋದವು. ಮುಂದಿನ ತಪಾಸಣೆಗೆ ಪ್ರತಿಯೊಬ್ಬರೂ ತಮ್ಮ ಮೊರ ತಂದರು. ಅದನ್ನು ತೊಡೆಯ ಮೇಲಿಟ್ಟೇ ಕಣ್ಣು ನೋಡಿದೆವು.

ಆ ಹುಡುಗಿಯ ಮುಂದೆ ಒಪ್ಪಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

"ನನಗ ಗೊತ್ತಿತ್ರಿ ಅಕ್ಕಾರ," ಎಂದಳು. "ಕಂಪ್ಯೂಟರಿನ್ಯಾಗ ಪಟ್ಟಿ ನೋಡಿದ್ದೆ."

"ಮತ್ತ ಯಾಕ ಸುಮ್ನಿದ್ದಿ?"

"ನೀವ ಹೇಳ್ತೀರಿ ಅಂತ ಕಾದೆ. ಖರೀದಿ ಆಗೂ ತನಕ ಕಾಯಬಾರದಿತ್ತು. ಅದು ನಂದೂ ತಪ್ಪು."

ಈ ತಿಂಗಳು ಅವಳು ಅಥಣಿ, ಕಾಗವಾಡದ ಕಾರ್ಯಕರ್ತೆಯರಿಗೆ ಮನೆಯಲ್ಲಿ ಕೂತು ಕೇಳುವುದನ್ನು ಕಲಿಸಲು ಹೋಗುತ್ತಿದ್ದಾಳೆ. ನನ್ನನ್ನೂ ಕರೆದಳು. ನಾನು ಹಿಂದಿನ ಬೆಂಚಿನಲ್ಲಿ ಕೂತು ಅವಳ ಮಾತನ್ನು ಬರೆದುಕೊಳ್ಳುತ್ತೇನೆ. ಅವಳು ಒಳ್ಳೆಯ ಪ್ರಶ್ನೆ ಕೇಳಿದಾಗಲೆಲ್ಲ, ಇದು ನನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆಯಲ್ಲಿ ಈಗಲೂ ಸಣ್ಣಗೆ ಉರಿಯುತ್ತದೆ.